ಸ್ವತಂತ್ರ ಪಕ್ಷದ ಉದಯಾಸ್ತ ಮತ್ತು ಮುಂಬಯಿ ಕನ್ನಡಿಗ

ಮುಂಬಯಿ ಕನ್ನಡಿಗರ ಬದುಕನ್ನು ಕುರಿತ ಅಧ್ಯಯನಗಳು ಸಾಹಿತ್ಯ, ರಂಗಭೂಮಿ, ಯಕ್ಷಗಾನ, ರಾತ್ರಿಶಾಲೆ, ಜಾತೀಯ ಸಂಘಸಂಸ್ಥೆಗಳ ಸುತ್ತ ಸಾಕಷ್ಟು ಬೆಳೆದಿವೆ. ಆದರೆ ಆ ಬದುಕಿನ ತಳಹದಿಯಾದ ವ್ಯಾಪಾರವನ್ನೂ, ವ್ಯಾಪಾರಕ್ಕೂ ರಾಜಕಾರಣಕ್ಕೂ ಇದ್ದ ನಂಟನ್ನೂ ನಾವು ವಿಚಾರಿಸಿದ್ದು ಕಡಿಮೆ. ವ್ಯಾಪಾರವೆಂಬುದು ಹೊಟ್ಟೆಪಾಡು, ಸಾಹಿತ್ಯವೆಂಬುದು ಸಂಸ್ಕೃತಿ ಎಂಬ ವಿಂಗಡಣೆಯೊಂದು ಕನ್ನಡ ವಿಭಾಗಗಳ ಒಳಗೂ ಬೇರುಬಿಟ್ಟಿದೆ. ಉದ್ಯಮದ ಸ್ವಾತಂತ್ರ್ಯವನ್ನೇ ತನ್ನ ಧ್ಯೇಯವೆಂದು ಸಾರಿದ ಒಂದು ಸಣ್ಣ ಪಕ್ಷ ಈ ದೇಶದಲ್ಲಿ ಹದಿನೈದು ವರ್ಷ ಬಾಳಿ ಅಳಿಯಿತು. ಅದರ ಅಳಿವಿಗೆ ಚುನಾವಣೆಯ ಲೆಕ್ಕಾಚಾರದಷ್ಟೇ ಭಾಷೆಯೂ ಕಾರಣವಾಯಿತು ಎಂಬ ನನ್ನ ಅಭಿಪ್ರಾಯವನ್ನು ಇಲ್ಲಿ ಮಂಡಿಸಬಯಸುತ್ತೇನೆ. ರಾಜ್ಯಶಾಸ್ತ್ರಜ್ಞರು ಒಪ್ಪದಿರಬಹುದು. ಅವರು ಪಕ್ಷವನ್ನು ಮತಗಳಲ್ಲಿ ಅಳೆಯುತ್ತಾರೆ. ಭಾಷೆಯ ಮೇಷ್ಟರಾದ ನಾವು ಮಾತುಗಳಲ್ಲಿ ಅಳೆಯುವುದು ಸಹಜ.

1959ರ ಜನವರಿಯಲ್ಲಿ ನಾಗಪುರದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಭೂಮಿತಿಯನ್ನೂ ಸಹಕಾರೀ ಸಾಮೂಹಿಕ ಬೇಸಾಯವನ್ನೂ ತನ್ನ ನೀತಿಯೆಂದು ಘೋಷಿಸಿತು. ಈ ನಿರ್ಣಯವೇ ಸ್ವತಂತ್ರ ಪಕ್ಷದ ಜನನಕ್ಕೆ ಕಾರಣೀಭೂತವಾಯಿತು. ಅದೇ ವರ್ಷ ಜೂನ್ 4ರಂದು ಮದರಾಸಿನಲ್ಲಿ ಪಕ್ಷದ ಹೆಸರು ಪ್ರಕಟವಾಯಿತು. ಆಗಸ್ಟ್ 1 ಮತ್ತು 2ರಂದು ಮುಂಬಯಿಯಲ್ಲಿ ಪೂರ್ವಸಿದ್ಧತಾ ಅಧಿವೇಶನ ನಡೆಯಿತು. ಎಂಬತ್ತರ ಅಂಚಿನಲ್ಲಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಅದರ ಪ್ರೇರಕಶಕ್ತಿ. ಆಂಧ್ರದ ರೈತನಾಯಕ ಎನ್.ಜಿ. ರಂಗಾ ಅಧ್ಯಕ್ಷರು, ಮುಂಬಯಿಯ ಮಿನೂ ಮಸಾನಿ ಪ್ರಧಾನ ಕಾರ್ಯದರ್ಶಿ. ಕೆ.ಎಂ. ಮುನ್ಶಿ, ಹೋಮಿ ಮೋದಿ, ವಿ.ಪಿ. ಮೆನನ್ ಮೊದಲಾದ ಹಿರಿಯರು ಜೊತೆಗೂಡಿದರು. ಮಸಾನಿಯವರು 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದವರಲ್ಲಿ ಒಬ್ಬರಾಗಿದ್ದರೆಂಬುದು ಗಮನಾರ್ಹ. ಇದಕ್ಕೆ ಮೂರು ವರ್ಷ ಮೊದಲು, 1956ರಲ್ಲಿ, ಎ.ಡಿ. ಶ್ರಾಫ್ ಅವರು ಮುಂಬಯಿಯಲ್ಲೇ ಮುಕ್ತ ಉದ್ಯಮ ವೇದಿಕೆಯನ್ನು ಸ್ಥಾಪಿಸಿ ಉಪನ್ಯಾಸ, ಕಿರುಹೊತ್ತಗೆಗಳ ಮೂಲಕ ನೆಲವನ್ನು ಹದಗೊಳಿಸಿದ್ದರು.

ಹೀಗೆ ಪಕ್ಷದ ಬುದ್ಧಿ ಮುಂಬಯಿಯದು. ಆದರೆ ಇದೇ ಮುಂಬಯಿ ಸೇರಿದ ಮಹಾರಾಷ್ಟ್ರದಿಂದ ಅದಕ್ಕೆ 1962ರಲ್ಲಾಗಲಿ 1967ರಲ್ಲಾಗಲಿ 1971ರಲ್ಲಾಗಲಿ ಲೋಕಸಭೆಯ ಒಂದು ಸ್ಥಾನವೂ ದಕ್ಕಲಿಲ್ಲ. 1943ರಲ್ಲಿ ಮುಂಬಯಿಯ ಮೇಯರರಾಗಿದ್ದ ಮಸಾನಿಯವರೇ 1963ರ ಉಪಚುನಾವಣೆಯಲ್ಲಿ ಗುಜರಾತಿನ ರಾಜಕೋಟೆಗೆ ಹೋಗಿ ಗೆದ್ದು ಬರಬೇಕಾಯಿತು. ಹುಟ್ಟಿದ ಮನೆಯಲ್ಲಿ ಎಲೆ ಹಾಕಿಸಿಕೊಳ್ಳಲಾಗದ ಈ ಸ್ಥಿತಿಯಲ್ಲಿಯೇ ಪಕ್ಷದ ಮುಂದಿನ ಕಥೆಯ ಸುಳಿವಿದೆ.

ಸ್ವತಂತ್ರ ಪಕ್ಷವನ್ನು ಸಿರಿವಂತರ ಪಕ್ಷ, ರಾಜಮಹಾರಾಜರ ಪಕ್ಷ ಎಂದು ಕರೆದು ಕೈತೊಳೆದುಕೊಳ್ಳುವ ವಾಡಿಕೆ ಇದೆ. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪಕ್ಷದ ಇಪ್ಪತ್ತೊಂದು ಮೂಲತತ್ತ್ವಗಳ ತಿರುಳು ಇಷ್ಟು: ಪ್ರಜೆಯ ಬಾಳಿನಲ್ಲಿ ಸರಕಾರದ ಕೈ ಆದಷ್ಟು ಕಡಿಮೆ ಇರಲಿ, ಉಳುವವನ ನೆಲ ಉಳುವವನದೇ ಆಗಿರಲಿ, ಸರಕಾರ ಆಸ್ತಿಯನ್ನು ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಕೊಡಲಿ. ಈ ಮೂಲತತ್ತ್ವಗಳಿಗೆ ಹೊರತಾದ ವಿಷಯಗಳಲ್ಲಿ ಸದಸ್ಯರು ತಮ್ಮ ಮನಸ್ಸಾಕ್ಷಿಯಂತೆ ನಡೆಯಬಹುದೆಂಬ ಸ್ವಾತಂತ್ರ್ಯವೂ ಅಲ್ಲಿತ್ತು. ರಾಜಾಜಿಯವರು ಟಂಕಿಸಿದ ‘ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್’ ಎಂಬ ನುಡಿ ಪಕ್ಷಕ್ಕಿಂತ ಹೆಚ್ಚು ಕಾಲ ಬಾಳಿತು. 1964ರ ಹದಿನೇಳನೆಯ ತಿದ್ದುಪಡಿಯು ರಯತವಾರಿ ಜಮೀನನ್ನೂ ‘ಎಸ್ಟೇಟ್’ ಎಂಬ ಶಬ್ದದ ವ್ಯಾಪ್ತಿಗೆ ಸೇರಿಸಿ, ಭೂಶಾಸನಗಳನ್ನು ಒಂಬತ್ತನೆಯ ಅನುಸೂಚಿಯ ರಕ್ಷಣೆಗೆ ಒಪ್ಪಿಸಿದಾಗ ಪಕ್ಷ ಉಗ್ರವಾಗಿ ಪ್ರತಿಭಟಿಸಿತು. ಇಂದು ನೆಲದೊಡೆಯನಿಂದ ಕಿತ್ತುಕೊಳ್ಳುವ ಅಧಿಕಾರ ನಾಳೆ ಮೂರು ಎಕರೆಯವನಿಂದಲೂ ಕಿತ್ತುಕೊಳ್ಳುತ್ತದೆ ಎಂಬುದು ಅದರ ವಾದ. ಈ ವಾದವನ್ನು ಆಡಿದವರ ಪಕ್ಕದಲ್ಲಿ ಜಯಪುರದ ಮಹಾರಾಣಿಯೂ ಒರಿಸ್ಸಾದ ಅರಸರೂ ಕುಳಿತಿದ್ದುದರಿಂದ, ಮೂರು ಎಕರೆಯವನಿಗೆ ಅದು ತನ್ನ ಮಾತೆಂದು ತೋರಲಿಲ್ಲ.

1962ರಲ್ಲಿ ಲೋಕಸಭೆಯಲ್ಲಿ 18 ಸ್ಥಾನ ಪಡೆದ ಪಕ್ಷವು 1967ರಲ್ಲಿ 44 ಸ್ಥಾನಗಳೊಂದಿಗೆ ಅತಿದೊಡ್ಡ ವಿರೋಧ ಪಕ್ಷವಾಯಿತು. ಒರಿಸ್ಸಾದಲ್ಲಿ ಆರ್.ಎನ್. ಸಿಂಗ್ ದೇವ್ ಅವರ ನಾಯಕತ್ವದಲ್ಲಿ ಸಮ್ಮಿಶ್ರ ಸರಕಾರ ನಡೆಸಿತು. ಗುಜರಾತಿನ ವಿಧಾನಸಭೆಯಲ್ಲಿ 66 ಶಾಸಕರನ್ನು ಕೂರಿಸಿತು. ಆ 44ರಲ್ಲಿ ಐವರು ಅಂದಿನ ಮೈಸೂರು ರಾಜ್ಯದವರು: ಉಡುಪಿಯಿಂದ ಜೆ.ಎಂ. ಲೋಬೊ ಪ್ರಭು, ಚಿತ್ರದುರ್ಗದಿಂದ ಜೆ. ಮಹಮ್ಮದ್ ಇಮಾಂ, ಹಾಸನದಿಂದ ಎನ್. ಶಿವಪ್ಪ, ಬಿಜಾಪುರದಿಂದ ಜಿ.ಡಿ. ಪಾಟೀಲ, ರಾಯಚೂರಿನಿಂದ ರಾಜಾ ವೆಂಕಟಪ್ಪ ನಾಯಕ. ರಾಜ್ಯದ ವಿಧಾನಸಭೆಯಲ್ಲಿ 1962ರಲ್ಲಿ 9 ಇದ್ದುದು 1967ರಲ್ಲಿ 16 ಆಯಿತು. ಈ ಐವರನ್ನು ಒಂದುಗೂಡಿಸಿದ್ದು ಮುಕ್ತ ಉದ್ಯಮದ ತತ್ತ್ವವೆಂದು ನಾನು ನಂಬಲಾರೆ. ಮಹಮ್ಮದ್ ಇಮಾಂ ಅವರು 1957ರಲ್ಲಿ ಅದೇ ಚಿತ್ರದುರ್ಗದಿಂದ ಗೆದ್ದದ್ದು ಪ್ರಜಾ ಸಮಾಜವಾದಿ ಪಕ್ಷದಿಂದ. ಕಾಂಗ್ರೆಸ್ಸಿನ ಹೊರಗೆ ನಿಲ್ಲಲು ಒಂದು ಸೂರು ಬೇಕಾಗಿತ್ತು, ನಕ್ಷತ್ರದ ಗುರುತಿನ ಈ ಸೂರು ಸಿಕ್ಕಿತು. ಬಹುಪಾಲು ಕ್ಷೇತ್ರಗಳಲ್ಲಿ ಗೆದ್ದದ್ದು ವ್ಯಕ್ತಿಯ ವರ್ಚಸ್ಸು, ಮನೆತನ, ಸ್ಥಳೀಯ ವೈಮನಸ್ಯ.

ಉಡುಪಿಯನ್ನು ಮಾತ್ರ ಪ್ರತ್ಯೇಕವಾಗಿ ನೋಡಬೇಕು. ಮೊದಲ ಮಹಾಚುನಾವಣೆಯಿಂದ ಉಳ್ಳಾಲ ಶ್ರೀನಿವಾಸ ಮಲ್ಯರನ್ನು ಆರಿಸುತ್ತ ಬಂದಿದ್ದ ಆ ಕರಾವಳಿ, 1965ರಲ್ಲಿ ಮಲ್ಯರು ತೀರಿಕೊಂಡ ಮೇಲೆ ನಡೆದ ಮಹಾಚುನಾವಣೆಯಲ್ಲಿ ಮಂಗಳೂರಿನ ಕ್ರೈಸ್ತ ಮನೆತನದ, ನಿವೃತ್ತ ಐ.ಸಿ.ಎಸ್. ಅಧಿಕಾರಿಯೊಬ್ಬರನ್ನು ಸ್ವತಂತ್ರ ಪಕ್ಷದಿಂದ ದೆಹಲಿಗೆ ಕಳುಹಿಸಿತು. ಅದೇ 1967ರಲ್ಲಿ, ಅದೇ ಚುನಾವಣೆಯಲ್ಲಿ, ಮಂಗಳೂರಿನ ಕ್ರೈಸ್ತ ಮನೆತನದ ಇನ್ನೊಬ್ಬರು ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ದಿಗ್ಗಜ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಅವರು ಜಾರ್ಜ್ ಫೆರ್ನಾಂಡಿಸ್, ಸಂಯುಕ್ತ ಸಮಾಜವಾದಿ ಪಕ್ಷದವರು. ಹೋಟೆಲು ಕಾರ್ಮಿಕರನ್ನೂ ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆಯ ನೌಕರರನ್ನೂ ಸಂಘಟಿಸಿದವರು. ಅವರಿಗೂ ಮೊದಲು ಬಂದರಿನ ಕೂಲಿಗಳನ್ನು ಒಂದುಗೂಡಿಸಿದ ಪಿ. ಡಿಮೆಲ್ಲೊ ಕೂಡ ಆ ಕಡೆಯವರೇ.

ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರು ಕಡಿಮೆ. ಊರಿನಲ್ಲಿ ಉಳಿದವರು ಮುಕ್ತ ಉದ್ಯಮದ ವಕ್ತಾರನನ್ನು ಆರಿಸಿದರು. ಆ ಊರಿನಿಂದ ಹೊರಟು ಮುಂಬಯಿಯ ಹೋಟೆಲುಗಳಲ್ಲಿ ಮುಸುರೆ ತಿಕ್ಕಿ, ಮಾಣಿಗಳಾಗಿ ದುಡಿದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹುಡುಗರು ಸಮಾಜವಾದಿ ನಾಯಕನ ಬೆನ್ನಿಗೆ ನಿಂತರು. ಮನಿಯಾರ್ಡರು ಕಳುಹಿಸಿದ ಕೈ ಒಂದು ಕಡೆ, ಅದನ್ನು ಪಡೆದ ಕೈ ಇನ್ನೊಂದು ಕಡೆ. ಇದರಲ್ಲಿ ವಿರೋಧಾಭಾಸ ಕಾಣುವವರಿಗೆ ನಾನು ಹೇಳುವುದಿಷ್ಟೆ: ಎರಡೂ ಮತಗಳು ತನ್ನ ಕಾಲ ಮೇಲೆ ತಾನು ನಿಲ್ಲಬೇಕೆಂಬ ಒಂದೇ ಹಂಬಲದಿಂದ ಹೊರಟವು. ಹತ್ತು ವರ್ಷ ಮಾಣಿಯಾಗಿದ್ದವನ ಕನಸು ಕಾರ್ಮಿಕನಾಗಿ ಉಳಿಯುವುದಲ್ಲ, ಒಂದು ಮೂಲೆಯ ಹೋಟೆಲಿನ ಗಲ್ಲೆಯ ಮೇಲೆ ಕೂರುವುದು. ಜಾರ್ಜರು ಅವನಿಗೆ ಇಂದಿನ ಸಂಬಳದ ಬಗ್ಗೆ, ವಾರದ ರಜೆಯ ಬಗ್ಗೆ ಅವನದೇ ಮಾತಿನಲ್ಲಿ ಹೇಳಿದರು. ಕೊಂಕಣಿ, ತುಳು, ಕನ್ನಡ, ಮರಾಠಿ ಎಲ್ಲವೂ ಅವರ ನಾಲಗೆಯ ಮೇಲಿದ್ದವು. ನಾಳಿನ ಗಲ್ಲೆಯ ಬಗ್ಗೆ ಅವನೊಡನೆ ಮಾತಾಡಬೇಕಾಗಿದ್ದ ಪಕ್ಷ ಕೋಟೆಪ್ರದೇಶದ ಸಭಾಂಗಣಗಳಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು.

ಇನ್ನು ವ್ಯಾಪಾರಿಗಳು. ವ್ಯಾಪಾರದ ಪರವಾದ ಪಕ್ಷವನ್ನು ವ್ಯಾಪಾರಿಗಳೇ ಏಕೆ ಎತ್ತಿ ಹಿಡಿಯಲಿಲ್ಲ? ನನ್ನ ಸೋದರಮಾವ ಒಬ್ಬರು ದಾದರಿನ ಕಡೆ ಸಣ್ಣ ಹೋಟೆಲು ನಡೆಸಿದವರು. ಸಕ್ಕರೆಯ ಕೋಟಾ, ಸೀಮೆಎಣ್ಣೆಯ ಪರ್ಮಿಟ್ಟು, ಪೋಲೀಸು ಪರವಾನಗಿ, ನಗರಪಾಲಿಕೆಯ ಪರವಾನಗಿ ಎಂದು ವರ್ಷದ ಅರ್ಧ ಕಾಲ ಕಚೇರಿಗಳ ಮೆಟ್ಟಿಲು ಹತ್ತಿದವರು. ಇಂಥವರು ಲೈಸೆನ್ಸ್ ರಾಜ್ಯವನ್ನು ಶಪಿಸಬೇಕಾಗಿತ್ತಲ್ಲವೆ ಎಂದು ನಾನು ವಿದ್ಯಾರ್ಥಿಯಾಗಿದ್ದಾಗ ಕೇಳಿದ್ದುಂಟು. ಅವರ ಉತ್ತರ: ‘ಲೈಸೆನ್ಸು ಸಿಗುವ ತನಕ ಅದು ಪೀಡೆ ಮಾರಾಯಾ, ಸಿಕ್ಕಿದ ಮೇಲೆ ಅದೇ ಆಸ್ತಿ. ಎದುರುಗಡೆ ಇನ್ನೊಬ್ಬನಿಗೆ ಸುಲಭದಲ್ಲಿ ಸಿಕ್ಕಿದರೆ ನನ್ನ ಹೋಟೆಲಿಗೆ ಯಾರು ಬರುತ್ತಾರೆ?’ ಅರ್ಥಶಾಸ್ತ್ರದ ಗ್ರಂಥಗಳು ಪುಟಗಟ್ಟಲೆ ವಿವರಿಸುವುದನ್ನು ಮಾವನವರು ಗಲ್ಲೆಯ ಬಳಿ ಎರಡು ವಾಕ್ಯಗಳಲ್ಲಿ ಮುಗಿಸಿದ್ದರು. ದಾದರಿನ ಹೋಟೆಲಿಗೆ ಸಲ್ಲುವ ಈ ಮಾತು ದೊಡ್ಡ ಗಿರಣಿ, ಕಾರ್ಖಾನೆಗಳಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಪರವಾನಗಿ ಪದ್ಧತಿ ಅವರನ್ನು ಕಾಡುತ್ತಲೇ ಕಾಯುತ್ತಿತ್ತು.

ಆದ್ದರಿಂದ ಉದ್ಯಮಿಗಳು ಎರಡು ದೋಣಿಗಳಲ್ಲಿ ಕಾಲಿಟ್ಟರು. 1961ರಲ್ಲಿ ಜೆ.ಆರ್.ಡಿ. ಟಾಟಾ ಅವರು ಕಾಂಗ್ರೆಸ್ಸಿನೊಂದಿಗೆ ಸ್ವತಂತ್ರ ಪಕ್ಷಕ್ಕೂ ದೇಣಿಗೆ ಕೊಡುವುದಾಗಿ ನೆಹರೂ ಅವರಿಗೆ ಬರೆದು ತಿಳಿಸಿಯೇ ಕೊಟ್ಟರು; ಅದು ಅವರ ದೊಡ್ಡತನ. ಉಳಿದವರಲ್ಲಿ ಅನೇಕರಿಗೆ ಅಷ್ಟು ಧೈರ್ಯವೂ ಇರಲಿಲ್ಲ. ಕಾಂಗ್ರೆಸ್ಸಿನ ಒಳಗೇ ಎಸ್.ಕೆ. ಪಾಟೀಲ, ಮೊರಾರ್ಜಿ ದೇಸಾಯಿ ಅವರಂಥವರು ಇರುವಾಗ ಹೊರಗಿನ ಸಣ್ಣ ಪಕ್ಷವೊಂದಕ್ಕೆ ದುಡ್ಡು ಸುರಿಯುವುದು ವ್ಯಾಪಾರೀ ಬುದ್ಧಿಗೆ ಒಪ್ಪುವಂಥದಲ್ಲ. ಪರ್ಮಿಟ್ಟು ಕೊಡುವವನು ಕಾಂಗ್ರೆಸ್ ಮಂತ್ರಿ. 1957ರಲ್ಲಿ ಟಾಟಾ ಉಕ್ಕಿನ ಕಂಪೆನಿಯು ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ಅನುವಾಗುವಂತೆ ತನ್ನ ನಿಯಮಪತ್ರವನ್ನು ತಿದ್ದಿಕೊಳ್ಳಹೊರಟಾಗ ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರು ಅನುಮತಿ ನೀಡಿದರೂ, ಈ ಪ್ರವೃತ್ತಿ ಪ್ರಜಾಪ್ರಭುತ್ವಕ್ಕೆ ಅಪಾಯಕಾರಿ ಎಂದು ಎಚ್ಚರಿಸಿದ್ದರು. 1969ರಲ್ಲಿ ಕಂಪೆನಿ ದೇಣಿಗೆಗಳನ್ನೇ ನಿಷೇಧಿಸಲಾಯಿತು. ಆಳುವ ಪಕ್ಷಕ್ಕೆ ಹಣ ಬರುವ ದಾರಿಗಳು ಬೇರೆ ಇದ್ದವು. ಸಣ್ಣ ಪಕ್ಷಕ್ಕೆ ಇದ್ದ ಕಾನೂನಿನ ದಾರಿಯೊಂದು ಮುಚ್ಚಿತು.

ಈಗ ನಮ್ಮ ಶಿಸ್ತಿಗೆ ಸೇರಿದ ವಿಚಾರಕ್ಕೆ ಬರೋಣ. ಕನ್ನಡದಲ್ಲಿ ಈ ಪಕ್ಷದ ವಿಚಾರವನ್ನು ಹೇಳಲು ಶಬ್ದಗಳೇ ಅದಕ್ಕೆ ಅನುಕೂಲವಾಗಿರಲಿಲ್ಲ. ‘ಸಮಾಜವಾದ’ ಎಂಬುದರಲ್ಲಿ ಸಮಾಜವೇ ಇದೆ. ಅದನ್ನು ವಿರೋಧಿಸುವವನು ಸಮಾಜದ್ರೋಹಿಯಂತೆ ಕೇಳಿಸುತ್ತಾನೆ. ಅದರ ಎದುರಾಳಿಗೆ ನಾವು ಕೊಟ್ಟ ಹೆಸರು ‘ಬಂಡವಾಳಶಾಹಿ’. ಬಂಡವಾಳವೆಂಬ ಶಬ್ದಕ್ಕೆ, ವ್ಯಾಪಾರಿಯ ಮೂಲಧನವೆಂಬ ನಿರಪರಾಧಿ ಅರ್ಥದ ಶಬ್ದಕ್ಕೆ, ‘ಶಾಹಿ’ ಎಂಬ ದರ್ಬಾರಿನ ಬಾಲವನ್ನು ಅಂಟಿಸಿ ಹೆಸರಿನಲ್ಲೇ ತೀರ್ಪು ಬರೆದುಬಿಟ್ಟೆವು. ಲಾಭಕೋರ, ಕಾಳಸಂತೆ, ಶೋಷಕ ಎಂಬ ಶಬ್ದಗಳು ನಾಲಗೆಯ ತುದಿಯಲ್ಲಿವೆ. ಪ್ರಾಮಾಣಿಕವಾಗಿ ಲಾಭ ಮಾಡುವವನಿಗೆ ಅಷ್ಟು ಬಳಕೆಯ, ಅಷ್ಟು ಚುರುಕಿನ ಶಬ್ದ ನಮ್ಮಲ್ಲಿಲ್ಲ. ‘ಉದ್ಯಮಶೀಲ’ ಎನ್ನುವುದು ಬ್ಯಾಂಕಿನ ಸುತ್ತೋಲೆಯ ಕನ್ನಡ.

ಹಿಂದೆ ಹೀಗಿರಲಿಲ್ಲವೆಂಬುದನ್ನು ಶಾಸನಗಳನ್ನು ಓದಿದವರು ಬಲ್ಲರು. ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳ ಪ್ರಶಸ್ತಿಗಳು 11-12ನೆಯ ಶತಮಾನದ ಕನ್ನಡ ಶಾಸನಗಳಲ್ಲಿ ಅರಸರ ಪ್ರಶಸ್ತಿಗೆ ಸರಿಮಿಗಿಲಾಗಿ ನಿಲ್ಲುತ್ತವೆ. ವೀರಬಣಂಜು ಧರ್ಮವನ್ನು ಪಾಲಿಸುವವರೆಂದು ಆ ವರ್ತಕರು ತಮ್ಮನ್ನು ಹೊಗಳಿಸಿಕೊಂಡರು. ದೂರದ ನಾಡುಗಳಿಗೆ ಹೋಗಿ ಸರಕು ತಂದದ್ದನ್ನು ಯೋಧನ ಪರಾಕ್ರಮದಂತೆ ಬಣ್ಣಿಸಿಕೊಂಡರು. ಪಟ್ಟಣಸ್ವಾಮಿ ಎಂಬ ಪದವಿ ವರ್ತಕನದೇ. ‘ಶೆಟ್ಟಿ ಬಿಟ್ಟಲ್ಲಿ ಪಟ್ಟಣ’ ಎಂಬ ಗಾದೆ ಆ ನೆನಪಿನ ತುಣುಕು. ಮುಂದೆ ಯಾವುದೋ ಕಾಲಘಟ್ಟದಲ್ಲಿ ‘ವ್ಯಾಪಾರಂ ದ್ರೋಹಚಿಂತನಂ’ ಎಂಬ ನುಡಿ ಗಾದೆಯ ಜಾಗವನ್ನು ಹಿಡಿಯಿತು. ನಗೆಯಾಡುತ್ತಲೇ ಅದನ್ನು ನಂಬಿದೆವು.

ಆಧುನಿಕ ಕನ್ನಡ ಸಾಹಿತ್ಯ ಈ ನಂಬಿಕೆಯನ್ನು ಗಟ್ಟಿಗೊಳಿಸಿತು. 1951ರ ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡರ ವ್ಯಕ್ತಿತ್ವ, ಲೋಹಿಯಾ ಅವರ ಚಿಂತನೆ, ಇವು ನವ್ಯದ ಮುಖ್ಯ ಲೇಖಕರನ್ನು ರೂಪಿಸಿದವು. ಅನಂತಮೂರ್ತಿ, ಲಂಕೇಶ್, ತೇಜಸ್ವಿ ಮೂವರೂ ಆ ಪ್ರಭಾವಲಯದವರು. ಒಂದು ಸಾಹಿತ್ಯಿಕ ಪೀಳಿಗೆಯೇ ಸಮಾಜವಾದಕ್ಕೆ ತನ್ನ ಅತ್ಯುತ್ತಮ ಕನ್ನಡವನ್ನು ಕೊಟ್ಟಿತು. ಅದರಿಂದ ನಮ್ಮ ಸಾಹಿತ್ಯಕ್ಕೆ ಲಾಭವೇ ಆಯಿತೆಂಬುದರಲ್ಲಿ ನನಗೆ ಸಂಶಯವಿಲ್ಲ. ಮುಂಬಯಿಯ ಕಂಪೆನಿ ಲೋಕವನ್ನು ಒಳಗಿನಿಂದ ಬಲ್ಲ ಯಶವಂತ ಚಿತ್ತಾಲರು 1979ರಲ್ಲಿ ‘ಶಿಕಾರಿ’ ಬರೆದಾಗಲೂ ಕಂಡದ್ದು ಬೇಟೆಯ ಕಾಡನ್ನೇ. ಸ್ವತಂತ್ರ ಪಕ್ಷಕ್ಕೆ ಈ ಪೀಳಿಗೆಯಲ್ಲಿ ಇಂಥ ಬಲದ ಒಬ್ಬ ಕನ್ನಡ ಲೇಖಕ ದೊರೆಯಲಿಲ್ಲ. ಬೆಂಗಳೂರಿನಲ್ಲಿ ನೆಲೆಸಿ ಆ ವಿಚಾರಧಾರೆಗೆ ದುಡಿದ ಫಿಲಿಪ್ ಸ್ಪ್ರಾಟ್ ಇಂಗ್ಲೆಂಡಿನವರು, ಕಮ್ಯುನಿಸ್ಟರಾಗಿ ಬಂದು ಮೀರತ್ ಪಿತೂರಿ ಮೊಕದ್ದಮೆಯಲ್ಲಿ ಸೆರೆವಾಸ ಅನುಭವಿಸಿ, ಅನಂತರ ಕಮ್ಯುನಿಸಂ ವಿರೋಧಿಯಾದವರು. ಅವರ ಬರಹವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇಂಥ ವಿಚಾರವನ್ನು ಹೇಳಲು ಸಾಧ್ಯವೇ ಇರಲಿಲ್ಲವೆಂದರೆ ತಪ್ಪಾದೀತು. ಡಿ.ವಿ. ಗುಂಡಪ್ಪನವರು ರಾಜ್ಯಶಾಸ್ತ್ರವನ್ನೂ ಪ್ರಜೆಯ ಹಕ್ಕುಬಾಧ್ಯತೆಗಳನ್ನೂ ದಶಕಗಳ ಕಾಲ ತಿಳಿಗನ್ನಡದಲ್ಲಿ ಬೋಧಿಸಿದ್ದರು. ಗದ್ಯ ಸಿದ್ಧವಾಗಿತ್ತು; ಹೊಲದ ಬದುವಿನ ಮೇಲೆ, ಅಂಗಡಿಯ ಜಗಲಿಯ ಮೇಲೆ ಅದನ್ನು ಹೊತ್ತು ತಿರುಗುವ ಕಾರ್ಯಕರ್ತರು ಪಕ್ಷದಲ್ಲಿರಲಿಲ್ಲ.

ಇದಕ್ಕೆ ನಮ್ಮ ಚರಿತ್ರೆಯೂ ಒಂದು ಕಾರಣ. ಹಳೆಯ ಮೈಸೂರಿನವನಿಗೆ ಕೈಗಾರಿಕೆಯೆಂದರೆ ಸರಕಾರ: ಭದ್ರಾವತಿಯ ಕಬ್ಬಿಣ, ಮೈಸೂರು ಸಾಬೂನು, ಶಿವನಸಮುದ್ರದ ವಿದ್ಯುತ್ತು. 1934ರಷ್ಟು ಹಿಂದೆಯೇ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದ ವಿಶ್ವೇಶ್ವರಯ್ಯನವರು ನಮ್ಮ ಆರಾಧ್ಯ. ಕರಾವಳಿಯ ರೀತಿ ಬೇರೆ. ಅಲ್ಲಿ 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ ಕೆನರಾ ಬ್ಯಾಂಕಿನ ಮೂಲಸಂಸ್ಥೆ, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆ ಹುಟ್ಟಿದವು. ಮನೆಮನೆಗೆ ಹೋಗಿ ಆಣೆ, ಎರಡಾಣೆ ಕೂಡಿಸಿದ ಪಿಗ್ಮಿ ಠೇವಣಿ ಹುಟ್ಟಿತು. ಸರಕಾರದ ಮುಖ ನೋಡದೆ ಬದುಕು ಕಟ್ಟಿಕೊಂಡ ಈ ಸೀಮೆ ಲೋಬೊ ಪ್ರಭು ಅವರನ್ನು ಆರಿಸಿದ್ದು ಆಕಸ್ಮಿಕವೇನಲ್ಲ.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. ಸರಕಾರದ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದ ಮುಂಬಯಿಯ ರುಸ್ತುಂ ಕೂಪರ್ ಅವರು ಸ್ವತಂತ್ರ ಪಕ್ಷದ ಮುಖಂಡರು. ಅವರ ಪರ ವಾದಿಸಿದವರು ನಾನಿ ಪಾಲ್ಖಿವಾಲಾ. 1970ರ ಫೆಬ್ರವರಿ 10ರಂದು ನ್ಯಾಯಾಲಯ ಆ ಶಾಸನವನ್ನು ರದ್ದುಗೊಳಿಸಿತು. ನಾಲ್ಕೇ ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ಬಂತು. ನ್ಯಾಯಾಲಯದಲ್ಲಿ ಗೆದ್ದದ್ದನ್ನು ಪಕ್ಷ ಬೀದಿಯಲ್ಲಿ ಸೋತಿತು. ‘ಗರೀಬಿ ಹಟಾವೋ’ ಎಂಬ ಎರಡು ಪದಗಳ ಎದುರು ಇಪ್ಪತ್ತೊಂದು ತತ್ತ್ವಗಳು ನಿಲ್ಲಲಿಲ್ಲ. ಕಾಂಗ್ರೆಸ್ ಒಡೆದಾಗ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರ ಅಧ್ಯಕ್ಷತೆಯ ಸಂಸ್ಥಾ ಕಾಂಗ್ರೆಸ್ಸು ಸ್ವತಂತ್ರ ಪಕ್ಷ ನಿಂತಿದ್ದ ಜಾಗದಲ್ಲೇ ಬಂದು ನಿಂತಿತು. 1971ರಲ್ಲಿ ಎಲ್ಲರೂ ಸೇರಿ ಮಹಾಮೈತ್ರಿ ಮಾಡಿಕೊಂಡು ಎಲ್ಲರೂ ಸೇರಿ ಸೋತರು. ಸ್ವತಂತ್ರದ 44 ಎಂಟಕ್ಕಿಳಿಯಿತು. ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು, ಉಡುಪಿಯೂ ಸೇರಿ. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. 1974ರಲ್ಲಿ ಪಕ್ಷವು ಚರಣಸಿಂಗರ ಭಾರತೀಯ ಲೋಕದಳದಲ್ಲಿ ಕರಗಿತು. ಮುಂಬಯಿಯ ಕೆಲವರು ಮಾತ್ರ ಕರಗಲು ಒಪ್ಪದೆ ಮಹಾರಾಷ್ಟ್ರ ಶಾಖೆಯ ಹೆಸರನ್ನು ಉಳಿಸಿಕೊಂಡರು.

ಆಸ್ತಿಯ ಹಕ್ಕಿನ ವಾದ ಪಕ್ಷದೊಂದಿಗೆ ಸಾಯಲಿಲ್ಲ. ಕೇರಳದ ಭೂಶಾಸನದ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. ಯಕ್ಷಗಾನದ ಪೋಷಕರಾಗಿ ಕನ್ನಡಿಗರಿಗೆ ಪರಿಚಿತರಾದ ಅವರ ಹೆಸರು 1973ರ ಏಪ್ರಿಲ್ 24ರ ತೀರ್ಪಿನಿಂದ ಸಂವಿಧಾನದ ಚರಿತ್ರೆಯಲ್ಲಿ ನಿಂತಿತು. ಸಂವಿಧಾನದ ಮೂಲರಚನೆ ಉಳಿಯಿತು. ಆಸ್ತಿಯ ಹಕ್ಕು ಆ ರಚನೆಯೊಳಗೆ ಸೇರಲಿಲ್ಲ. ಐದು ವರ್ಷಗಳ ಅನಂತರ, 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದುಹಾಕಿದ್ದು ಜನತಾ ಸರಕಾರ. ಆಗ ಅರ್ಥಮಂತ್ರಿಯಾಗಿದ್ದವರು ಸ್ವತಂತ್ರ ಪಕ್ಷದಲ್ಲಿದ್ದ ಎಚ್.ಎಂ. ಪಟೇಲರು. ಇದಕ್ಕಿಂತ ಕ್ರೂರವಾದ ವ್ಯಂಗ್ಯವನ್ನು ನಾಟಕಕಾರನೂ ಕಲ್ಪಿಸಲಾರ.

ಆ ಹಕ್ಕು ಯಾರಿಗೆ ಬೇಕಾಗಿತ್ತು ಎಂಬುದಕ್ಕೆ ನಾನು ವಾಸಿಸುವ ಕಾಮೋಠೆಯ ನೆಲವೇ ಸಾಕ್ಷಿ. ಮಾನಸರೋವರ, ಖಾಂದೇಶ್ವರ ನಿಲ್ದಾಣಗಳ ನಡುವೆ ಇಂದು ವಿಭಾಗಸಂಖ್ಯೆಗಳಿಂದ ಗುರುತಿಸಲಾಗುವ ಈ ಉಪನಗರ ಒಂದು ಕಾಲಕ್ಕೆ ಪನವೇಲ್ ತಾಲೂಕಿನ ಹಳ್ಳಿ. 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಸಂಸ್ಥೆಗಾಗಿ, ನವಮುಂಬಯಿಯ ನಿರ್ಮಾಣಕ್ಕೆಂದು, ಠಾಣೆ ಮತ್ತು ಅಂದಿನ ಕುಲಾಬಾ ಜಿಲ್ಲೆಗಳ 95 ಹಳ್ಳಿಗಳ ಭೂಮಿಯನ್ನು ಸರಕಾರ ವಶಪಡಿಸಿಕೊಳ್ಳತೊಡಗಿತು. ಭತ್ತದ ಗದ್ದೆ, ಉಪ್ಪಿನ ಗದ್ದೆ, ಖಾರಿಯ ಮೀನು, ಇವುಗಳಿಂದ ಬದುಕುತ್ತಿದ್ದ ಆಗ್ರಿ, ಕೋಳಿ ಜನರಿಗೆ ಸರಕಾರ ಕಟ್ಟಿದ ಬೆಲೆಯೇ ಬೆಲೆ. ಇಂದು ನೆಲದೊಡೆಯನಿಂದ, ನಾಳೆ ಮೂರು ಎಕರೆಯವನಿಂದ ಎಂದು ಸ್ವತಂತ್ರ ಪಕ್ಷ ಹೇಳಿದ್ದ ಆ ‘ನಾಳೆ’ ಇಲ್ಲಿಗೆ ಬಂದಿತ್ತು. ಆದರೆ ಅವರ ಪರವಾಗಿ ಎದ್ದು ನಿಂತದ್ದು ಶೇತ್ಕರಿ ಕಾಮ್‌ಗಾರ್ ಪಕ್ಷದ ಕೆಂಪು ಬಾವುಟ, ಮುಂದೆ ನಿಂತವರು ದಿ.ಬಾ. ಪಾಟೀಲರು. 1984ರ ಜನವರಿಯಲ್ಲಿ ಉರಣದ ಜಾಸಯಿಯ ಬಳಿ ನಡೆದ ಗೋಲೀಬಾರಿನಲ್ಲಿ ಐವರು ಸತ್ತರು. ಕಳೆದುಕೊಂಡ ಭೂಮಿಯ ಹನ್ನೆರಡೂವರೆ ಶೇಕಡದಷ್ಟನ್ನು ಅಭಿವೃದ್ಧಿಪಡಿಸಿ ರೈತನಿಗೇ ಮರಳಿಸಬೇಕೆಂಬ ಯೋಜನೆ ಆ ಹೋರಾಟದ ಫಲ. ‘ಸಾಡೇಬಾರಾ ಟಕ್ಕೆ’ ಎಂಬ ಮರಾಠಿ ಮಾತು ಕಾಮೋಠೆಯ ಮಣ್ಣಿನಲ್ಲೇ ಬೆರೆತಿದೆ. ಇಲ್ಲಿನ ಎಷ್ಟೋ ಕಟ್ಟಡಗಳು ಆ ನಿವೇಶನಗಳ ಮೇಲೆಯೇ ನಿಂತಿವೆ, ಅವುಗಳ ನೆಲಮಾಳಿಗೆಯ ಗಾಳೆಗಳಲ್ಲಿ ನಮ್ಮ ಉಡುಪಿ, ಕುಂದಾಪುರದವರು ಹೋಟೆಲು ನಡೆಸುತ್ತಿದ್ದಾರೆ. ದಿ.ಬಾ. ಪಾಟೀಲರು 2013ರಲ್ಲಿ ತೀರಿಕೊಂಡರು. ಹೊಸ ವಿಮಾನನಿಲ್ದಾಣಕ್ಕೆ ಅವರ ಹೆಸರಿಡಬೇಕೆಂದು 2021ರಲ್ಲಿ ಈ ಹಳ್ಳಿಗಳ ಜನ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಆಸ್ತಿಯ ಹಕ್ಕಿಗಾಗಿ ಸ್ವತಂತ್ರ ಪಕ್ಷ ಹೊರಡಿಸಿದ ಕಿರುಹೊತ್ತಗೆಗಳೆಲ್ಲ ಮಾಡದುದನ್ನು, ಆಸ್ತಿಯೆಂಬ ಶಬ್ದವನ್ನು ಸಂಶಯದಿಂದ ಕಾಣುವ ಎಡಪಂಥೀಯ ಪಕ್ಷವೊಂದು ಈ ಕೆಸರುಗದ್ದೆಗಳಲ್ಲಿ ನಿಂತು ಮಾಡಿತು. ಅದು ಅವರ ಮಾತಿನಲ್ಲಿ ಮಾತಾಡಿತು. ಅದನ್ನು ಹಕ್ಕೆಂದು ಕರೆಯದೆ ‘ಆಮಚೀ ಜಮೀನ್’ ಎಂದು ಕರೆಯಿತು.

ಮರಾಠಿಯಲ್ಲಿ ಇದನ್ನು ಅರಿತ ಒಬ್ಬರಿದ್ದರು. ಚಾಕಣದ ಈರುಳ್ಳಿ ಬೆಳೆಗಾರರನ್ನು ಸಂಘಟಿಸಿದ ಶರದ್ ಜೋಶಿಯವರು 1994ರಲ್ಲಿ ಸ್ವತಂತ್ರ ಭಾರತ ಪಕ್ಷವನ್ನು ಸ್ಥಾಪಿಸಿ, ರೈತನಿಗೆ ಬೇಕಾದದ್ದು ಸಬ್ಸಿಡಿಯಲ್ಲ, ಮಾರುವ ಸ್ವಾತಂತ್ರ್ಯ ಎಂದು ಹಳ್ಳಿಯ ಮರಾಠಿಯಲ್ಲಿ ಹೇಳಿದರು. ಅದೇ ದಶಕದಲ್ಲಿ ಕರ್ನಾಟಕದ ರೈತಸಂಘ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ಮುಕ್ತ ಮಾರುಕಟ್ಟೆಯ ವಿರುದ್ಧ ಸಮರ ಹೂಡಿತ್ತು. ಒಂದೇ ಬಗೆಯ ಸಂಕಟದ ರೈತರು, ಎರಡು ಭಾಷೆ, ಎರಡು ತದ್ವಿರುದ್ಧ ನಿಲುವು. ಎರಡೂ ಸಂಘಟನೆಗಳು ಸಭೆಗಳಲ್ಲಿ ಲಕ್ಷಗಟ್ಟಲೆ ಜನರನ್ನು ಸೇರಿಸಿದವು, ಮತಪೆಟ್ಟಿಗೆಯಲ್ಲಿ ಅದು ಕಾಣಲಿಲ್ಲ. ಜೋಶಿಯವರ ಪಕ್ಷ ಬೆಳೆಯಲಿಲ್ಲವಾದರೂ ಅವರ ಮಾತು ಮರಾಠಿಯಲ್ಲಿ ಉಳಿದಿದೆ. ಕನ್ನಡದಲ್ಲಿ ಆ ಪಕ್ಷದ ಮಾತಿಗೆ ಇಂದಿಗೂ ಗೂಡಿಲ್ಲ.

ಪರವಾನಗಿ ರಾಜ್ಯವನ್ನು 1991ರ ಜುಲೈಯಲ್ಲಿ ಕೆಡವಿದ್ದು ಅದನ್ನು ಕಟ್ಟಿದ ಕಾಂಗ್ರೆಸ್ಸೇ. ರಾಜಾಜಿ, ಮಸಾನಿಯವರ ಹೆಸರನ್ನು ಆ ಸಂದರ್ಭದಲ್ಲಿ ನೆನೆದವರು ವಿರಳ. ಇಂದು ಉದ್ಯಮದ ಪರವೆಂದು ಹೇಳಿಕೊಳ್ಳದ ಪಕ್ಷವೇ ಇಲ್ಲವೆನ್ನಬಹುದು. ಹೂಡಿಕೆದಾರರ ಸಮಾವೇಶಗಳಲ್ಲಿ ಎಲ್ಲ ಬಣ್ಣಗಳ ಮುಖ್ಯಮಂತ್ರಿಗಳೂ ಕೈಕುಲುಕುತ್ತಾರೆ. ಇದನ್ನು ಸ್ವತಂತ್ರ ಪಕ್ಷದ ಮರಣೋತ್ತರ ಗೆಲುವೆಂದು ಕೆಲವರು ಬರೆಯುತ್ತಾರೆ. ನಾನು ಒಪ್ಪಲಾರೆ. ಆ ಪಕ್ಷ ಬಯಸಿದ್ದು ಉದ್ಯಮಿಗೆ ಸರಕಾರದ ಒಲವನ್ನಲ್ಲ, ಸರಕಾರದ ಒಲವೂ ಮುನಿಸೂ ಬೇಕಾಗದ ಸ್ಥಿತಿಯನ್ನು. ದೊಡ್ಡ ಕಾರ್ಖಾನೆಗೆ ಒಂದೇ ಕಿಟಕಿಯಲ್ಲಿ ಅನುಮತಿ ಕೊಡುವ ನಾಡಿನಲ್ಲಿ ಬೀದಿಬದಿಯ ಇಡ್ಲಿ ಗಾಡಿಯವನು ಇಂದಿಗೂ ದಿನದ ‘ಹಫ್ತಾ’ ಕೊಟ್ಟೇ ಒಲೆ ಹಚ್ಚುತ್ತಾನೆ. ಅವನ ಪಾಲಿಗೆ 1991 ಬಂದಿಲ್ಲ, ಬರುವ ಸೂಚನೆಯೂ ಇಲ್ಲ.

ಆ ಹಳೆಯ ಪಕ್ಷವನ್ನು ಅದರ ಮೂಲತತ್ತ್ವಗಳೊಂದಿಗೆ ಮತ್ತೆ ನೋಂದಾಯಿಸಲು ಕಾನೂನಿನ ತೊಡಕೂ ಇದೆ. 1976ರಲ್ಲಿ ಸಂವಿಧಾನದ ಪ್ರಸ್ತಾವನೆಗೆ ‘ಸಮಾಜವಾದಿ’ ಎಂಬ ಪದ ಸೇರಿತು. 1989ರಲ್ಲಿ ಜನತಾ ಪ್ರಾತಿನಿಧ್ಯ ಕಾಯಿದೆಗೆ ಸೇರಿಸಿದ 29-ಎ ಕಲಮಿನ ಪ್ರಕಾರ, ನೋಂದಣಿ ಬಯಸುವ ಪ್ರತಿಯೊಂದು ಪಕ್ಷವೂ ಸಮಾಜವಾದದ ತತ್ತ್ವಕ್ಕೆ ನಿಷ್ಠೆಯನ್ನು ಬರೆದುಕೊಡಬೇಕು. ಸ್ವತಂತ್ರ ಪಕ್ಷದ ಮಹಾರಾಷ್ಟ್ರ ಶಾಖೆಯ ದೀಪವನ್ನು ಆರದಂತೆ ಕಾಯ್ದ ಎಸ್.ವಿ. ರಾಜು ಅವರು ನಂಬದ ತತ್ತ್ವಕ್ಕೆ ನಿಷ್ಠೆ ಬರೆದುಕೊಡಲಾರೆವೆಂದು 1990ರ ದಶಕದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ರಾಜ್ಯಸಭೆಯ ಸದಸ್ಯರಾಗಿದ್ದಾಗ ಶರದ್ ಜೋಶಿಯವರೂ ಆ ಪದವನ್ನು ತೆಗೆಯಲು ಖಾಸಗಿ ಮಸೂದೆ ಮಂಡಿಸಿದರು. ಇಬ್ಬರೂ 2015ರಲ್ಲಿ ತೀರಿಕೊಂಡರು. ಪ್ರಸ್ತಾವನೆಯ ಪದವನ್ನು ಪ್ರಶ್ನಿಸಿದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ತಳ್ಳಿಹಾಕಿತು. ಹೂಡಿಕೆದಾರರ ಸಮಾವೇಶ ನಡೆಸುವ ಪಕ್ಷಗಳೆಲ್ಲ ಆ ನಿಷ್ಠಾಪತ್ರಕ್ಕೆ ಸಹಿ ಹಾಕಿಯೇ ಚುನಾವಣೆಗೆ ನಿಂತಿವೆ.